ಹೊತ್ತವರ ಹೊತ್ತು

ಹೆಣ್ಣುಮಕ್ಕಳು ತಾಯ್ತನವನ್ನು ಕಲೆಯಲ್ಲಿ ಹೇಗೆ ತೋರಿಸಿದ್ದಾರೆ ಅಂತ ಒಂದು ಸಭೆಯಲ್ಲಿ ಮಾತಾಡಲು ಹೋಗಿದ್ದೆ. ಮೊದಲ ಸ್ಲೈಡ್ ಹಾಕಿದ ಕೂಡಲೇ ಮುಂದಿನ ಸಾಲಿನಲ್ಲಿದ್ದ ಒಬ್ಬರು ಪಕ್ಕದವರನ್ನು 'ಏನಿದು?' ಅಂತ ಕೇಳಿದ್ದು ನನಗೂ ಕೇಳಿಸಿತು. ಪರದೆ ಮೇಲಿದ್ದದ್ದು ಎಳೆ ಮಗುವಿನ ಡೈಪರ್ ಒಳಗೆ ಹಾಸುವ ಒಂದು ತೆಳು ಬಟ್ಟೆ. ನಡುವೆ ಕಂದು ಬಣ್ಣದ ಕಲೆ. ಕೆಳಗೆ ಟೈಪ್ ಮಾಡಿದ ಸಾಲುಗಳು: ಮಗು ಎಷ್ಟು ಗಂಟೆಗೆ ಎಷ್ಟು ಹಾಲು ಕುಡಿಯಿತು, ಎಷ್ಟು ಚಮಚ ತಿಂದಿತು, ದಿನಕ್ಕೆ ಒಟ್ಟು ಎಷ್ಟಾಯಿತು. ಹೌದು, ಅದು ಮಲದ ಕಲೆಯೇ. 1976ರಲ್ಲಿ ಲಂಡನ್ನಿನ ಒಂದು ಹೆಸರಾಂತ ಕಲಾ ಕೇಂದ್ರದಲ್ಲಿ ಇಂಥವನ್ನು ಚೌಕಟ್ಟು ಹಾಕಿ ಗೋಡೆಗೆ ಸಾಲಾಗಿ ತೂಗುಹಾಕಿದ್ದರು. ಮಾಡಿದವರು ಆ ಮಗುವಿನ ತಾಯಿ, ಕಲಾವಿದೆ ಮೇರಿ ಕೆಲಿ. ಪತ್ರಿಕೆಗಳು ಹರಿಹಾಯ್ದವು. ಕೊಳಕು ಬಟ್ಟೆ ಎಲ್ಲಾದರೂ ಕಲೆ ಆಗುತ್ತದಾ ಅಂತ.

ಕನ್ನಡದಲ್ಲಿ ಆ ಪ್ರಶ್ನೆಗೆ ಉತ್ತರ ಪದದಲ್ಲೇ ಇದೆ, ಅಲ್ವಾ? ಬಟ್ಟೆ ಮೇಲೆ ಆಗುವುದೂ ಕಲೆ, ಗೋಡೆ ಮೇಲೆ ತೂಗುವುದೂ ಕಲೆ. ಒಂದನ್ನು ಉಜ್ಜಿ ತೆಗೆಯುತ್ತೇವೆ, ಇನ್ನೊಂದಕ್ಕೆ ಗಾಜು ಹಾಕಿ ಕಾಪಾಡುತ್ತೇವೆ. ಉಜ್ಜಿ ತೆಗೆಯಬೇಕಾದದ್ದಕ್ಕೇ ಗಾಜು ಹಾಕಿದ್ದು ಕೆಲಿ ಮಾಡಿದ ಕೆಲಸ.

ಆ ಕೃತಿ 1973ರಲ್ಲಿ ಶುರುವಾಗಿ 1979ಕ್ಕೆ ಮುಗಿಯಿತು. ಒಟ್ಟು ಆರು ಭಾಗ, ಬಿಡಿಬಿಡಿಯಾಗಿ ಎಣಿಸಿದರೆ ನೂರಕ್ಕೂ ಜಾಸ್ತಿ ತುಣುಕು. ಮೊದಲು ಡೈಪರ್ ಬಟ್ಟೆ, ಆಮೇಲೆ ಮಗ ಆಡಿದ ಮೊದಮೊದಲ ಮಾತು, ಆಮೇಲೆ ಅವನು ಗೀಚಿದ ಗೆರೆ, ಅವನ ಪುಟ್ಟ ಕೈಯ ಅಚ್ಚು, ಅವನು ಹೊರಗಿಂದ ತಂದುಕೊಟ್ಟ ಎಲೆ, ಹುಳ. ಕೊನೆಯ ಭಾಗದಲ್ಲಿ ಅವನು ಅಕ್ಷರ ಕಲಿಯುತ್ತಾನೆ. ತನ್ನ ಹೆಸರನ್ನು ತಾನೇ ಬರೆಯುತ್ತಾನೆ. ಅಲ್ಲಿಗೆ ಕೃತಿ ಮುಗಿಯುತ್ತದೆ. ಇಷ್ಟೆಲ್ಲದರಲ್ಲಿ ಅಮ್ಮನ ಮುಖ ಎಲ್ಲೂ ಕಾಣಿಸುವುದಿಲ್ಲ. ಮಗುವಿನ ಮುಖವೂ ಇಲ್ಲ. ಕೆಲಿ ಬೇಕಂತಲೇ ಅದನ್ನು ಬಿಟ್ಟರು. ತಾಯಿಯ ಮುಖ ಬರೆದರೆ ನೋಡುವವರು ಮುಖ ನೋಡಿ 'ಆಹಾ' ಅಂದು ಮುಂದೆ ಹೋಗುತ್ತಾರೆ. ಮುಖ ಇಲ್ಲದಿದ್ದರೆ ನಿಂತು ಓದಬೇಕು.

ಇದನ್ನು ಮೊದಲು ತೋರಿಸಿದ್ದಕ್ಕೆ ಕಾರಣ ಇದೆ. ಯುರೋಪಿನ ಚಿತ್ರಕಲೆಯಲ್ಲಿ ನೂರಾರು ವರ್ಷ ತಾಯಿ ಮಗುವಿನ ಚಿತ್ರಗಳಿಗೆ ಬರವೇ ಇರಲಿಲ್ಲ. ಮೇರಿ ಮತ್ತು ಬಾಲ ಏಸುವಿನ ಚಿತ್ರಗಳೇ ಸಾವಿರಾರು. ಬರೆದವರು ಹೆಚ್ಚುಪಾಲು ಗಂಡಸರು. ಆ ಚಿತ್ರಗಳಲ್ಲಿ ಎಷ್ಟೋ ನನಗೆ ತುಂಬಾ ಇಷ್ಟ, ಅವುಗಳ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಆದರೆ ಅಲ್ಲಿ ತಾಯಿಗೆ ನಿದ್ದೆ ಕೆಟ್ಟಿರುವುದಿಲ್ಲ. ಮಗು ಹಸಿದು ಅಳುತ್ತಿರುವುದಿಲ್ಲ. ಒಂದು ಚಿತ್ರದಲ್ಲೂ ಗಂಟೆ ಎಷ್ಟಾಯಿತು ಅಂತ ಗೊತ್ತಾಗುವುದಿಲ್ಲ.

ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಹೆಣ್ಣುಮಕ್ಕಳು ಈ ವಿಷಯಕ್ಕೆ ಕೈಹಾಕಿದಾಗ ಮೊದಲು ಬಂದದ್ದೇ ಗಂಟೆ. ಅವತ್ತು ನಾನು ಹೇಳಲು ಹೋದದ್ದು ಇದೊಂದೇ. ಅವರು ತಾಯಿಯ ಚಿತ್ರ ಬರೆಯಲಿಲ್ಲ, ತಾಯಿಯ ಹೊತ್ತನ್ನು ಬರೆದರು. ತುಂಡು ತುಂಡಾದ ಹೊತ್ತು, ಕೂಸು ಎದ್ದಾಗ ಮುರಿಯುವ ಹೊತ್ತು, ಎಣಿಸಿ ಎಣಿಸಿ ಕಳೆಯುವ ಹೊತ್ತು. ಹೊತ್ತು ಹೆತ್ತು ಸಾಕಿದಳು ಅನ್ನುತ್ತೇವಲ್ಲ, ಅದರಲ್ಲಿರುವ 'ಹೊತ್ತು' ಹೊರುವುದರಿಂದ ಬಂದದ್ದು. ಆದರೂ ಆ ಮಾತು ಕೇಳಿದಾಗಲೆಲ್ಲ ನನಗೆ ಗಡಿಯಾರವೂ ನೆನಪಾಗುತ್ತದೆ.

ಮಿಯರ್ಲ್ ಲೇಡರ್‌ಮನ್ ಯೂಕೆಲಿಸ್ ಅಂತ ಒಬ್ಬರಿದ್ದಾರೆ, ಅಮೆರಿಕದವರು. ಅವರು ಬಸುರಿಯಾಗಿದ್ದಾಗ ಅವರಿಗೆ ಕಲಿಸುತ್ತಿದ್ದ ಒಬ್ಬ ಶಿಲ್ಪಿ 'ಇನ್ನು ನೀನು ಕಲಾವಿದೆ ಆಗೋಕಾಗಲ್ಲ ಬಿಡು' ಅನ್ನುವ ಅರ್ಥದ ಮಾತಾಡಿದರಂತೆ. ಮಗು ಹುಟ್ಟಿತು. ದಿನವೆಲ್ಲ ಒರೆಸುವುದು, ತೊಳೆಯುವುದು, ಉಡಿಸುವುದು, ಮತ್ತೆ ಅದನ್ನೇ ಮಾಡುವುದು. 1969ರಲ್ಲಿ ಒಂದು ದಿನ ಒಂದೇ ಪಟ್ಟಿಗೆ ಕೂತು ಒಂದು ಪ್ರಣಾಳಿಕೆ ಬರೆದರು. ಅದರ ತಿರುಳು ಇಷ್ಟು: ಹೊಸದನ್ನು ಹುಟ್ಟಿಸುವ ಕೆಲಸವನ್ನು ಎಲ್ಲರೂ ಹೊಗಳುತ್ತಾರೆ, ಹುಟ್ಟಿದ್ದನ್ನು ಕಾಪಾಡಿಕೊಂಡು ಹೋಗುವ ಕೆಲಸವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಿದ್ದರೆ ನಾನು ದಿನಾ ಮಾಡುವ ಈ ಕೆಲಸವೇ ನನ್ನ ಕಲೆ. ಅದರಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಕ್ರಾಂತಿ ಎಲ್ಲಾ ಆದ ಮೇಲೆ, ಸೋಮವಾರ ಬೆಳಿಗ್ಗೆ ಕಸ ಎತ್ತುವವರು ಯಾರು?

ಸುಮ್ನೆ ಬರೆದಿಟ್ಟು ಕೂರಲಿಲ್ಲ ಅವರು. 1973ರಲ್ಲಿ ಒಂದು ಮ್ಯೂಸಿಯಂನ ಮೆಟ್ಟಿಲು, ನೆಲ ಎಲ್ಲವನ್ನೂ ಜನರ ಕಣ್ಣೆದುರೇ ಮಂಡಿಯೂರಿ ತೊಳೆದರು. ಅದೇ ವರ್ಷ ಇನ್ನೊಂದು ಕೃತಿ ಮಾಡಿದರು. ಚಳಿಗಾಲದಲ್ಲಿ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬೇಕಾದರೆ ಸಾಕ್ಸು, ಬೂಟು, ಕೋಟು, ಟೋಪಿ ಎಲ್ಲಾ ಒಂದೊಂದಾಗಿ ಹಾಕುವುದು, ಮನೆಗೆ ಬಂದ ಮೇಲೆ ಒಂದೊಂದಾಗಿ ಬಿಚ್ಚುವುದು. ಫೋಟೋ ಮೇಲೆ ಫೋಟೋ, ಅಷ್ಟೇ. ಆ ಫೋಟೋಗಳ ಜೊತೆ ಸರಪಳಿಗೆ ಕಟ್ಟಿದ ಒಂದು ಒರೆಸುವ ಬಟ್ಟೆ ನೇತಾಡುತ್ತದೆ. ಕೃತಿಗೆ ಧೂಳು ಕೂತರೆ ಅದನ್ನೂ ಯಾರಾದರೂ ಒರೆಸಬೇಕಲ್ಲ!

ಆಮೇಲೆ 1979-80ರಲ್ಲಿ ಅವರು ನ್ಯೂಯಾರ್ಕಿನ ಸುಮಾರು 8,500 ಪೌರಕಾರ್ಮಿಕರನ್ನು ಹುಡುಕಿಕೊಂಡು ಹೋಗಿ, ಒಬ್ಬೊಬ್ಬರ ಕೈ ಕುಲುಕಿ, ಈ ಊರನ್ನು ಬದುಕಿಸಿ ಇಟ್ಟಿದ್ದಕ್ಕೆ ಥ್ಯಾಂಕ್ಸ್ ಅಂತ ಹೇಳಿ ಬಂದರು. ಇದಕ್ಕೂ ತಾಯ್ತನಕ್ಕೂ ಏನು ಸಂಬಂಧ ಅಂತ ಸಭೆಯಲ್ಲಿ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಮಗುವಿನ ಕೆಳಗೆ ಒರೆಸುವವಳಿಗೆ ಊರು ಗುಡಿಸುವವನು ಕಾಣಿಸುತ್ತಾನೆ. ಇಬ್ಬರ ಕೆಲಸವೂ ನಾಳೆ ಬೆಳಿಗ್ಗೆಗೆ ಮತ್ತೆ ಮೊದಲಿಂದ. ಇಬ್ಬರೂ ಒಂದು ದಿನ ಕೆಲಸ ನಿಲ್ಲಿಸಿದರೆ ಮಾತ್ರ ಮಿಕ್ಕವರ ಕಣ್ಣಿಗೆ ಬೀಳುತ್ತಾರೆ. ಯೂಕೆಲಿಸ್ ತಾಯ್ತನದಿಂದ ಹೊರಗೆ ಬಂದು ಆ ಕೆಲಸ ಮಾಡಿದ್ದಲ್ಲ, ತಾಯ್ತನ ಕಲಿಸಿದ ಕಣ್ಣಿನಿಂದಲೇ ಮಾಡಿದ್ದು.

ಕಲಾವಿದೆ ಸೂಸನ್ ಹಿಲ್ಲರ್ ತಮ್ಮ ಬಸಿರಿನ ಹೊಟ್ಟೆಯನ್ನು ದಿನಕ್ಕೊಂದರಂತೆ ಫೋಟೋ ತೆಗೆದುಕೊಂಡರು. 28 ದಿನವನ್ನು ಒಂದು ಚಾಂದ್ರ ತಿಂಗಳು ಅಂತ ಹಿಡಿದು, ಅಂಥ ಹತ್ತು ತಿಂಗಳು, ಹತ್ತು ಸಾಲು. ಕೃತಿಯ ಹೆಸರೂ 'ಹತ್ತು ತಿಂಗಳು', 1977-79. ಪಕ್ಕದಲ್ಲಿ ಅವರ ದಿನಚರಿಯಿಂದ ತೆಗೆದ ಬರಹಗಳಿವೆ. ಫೋಟೋದಲ್ಲಿ ಹೊಟ್ಟೆ ಒಂದೇ ಕಾಣಿಸುವುದರಿಂದ ನೋಡುತ್ತಾ ನೋಡುತ್ತಾ ಅದು ಹೊಟ್ಟೆ ಅನ್ನುವುದೇ ಮರೆತುಹೋಗುತ್ತದೆ. ದಿಬ್ಬದ ಹಾಗೆ, ಏಳುತ್ತಿರುವ ಚಂದ್ರನ ಹಾಗೆ ಕಾಣುತ್ತದೆ.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ನನ್ನ ಮಗಳು ಹತ್ತು ತಿಂಗಳಿದ್ದಾಗ ನಾನು ಇಟ್ಟುಕೊಂಡಿದ್ದ ಸ್ಕೆಚ್ ಪುಸ್ತಕ ಇನ್ನೂ ಇದೆ. ಅದರಲ್ಲಿ ಒಂದು ಚಿತ್ರವೂ ಮುಗಿದಿಲ್ಲ. ಒಂದು ಲೋಟದ ಅಂಚು ಇದೆ, ಲೋಟ ಇಲ್ಲ. ಮಲಗಿರುವ ಅವಳ ಪಾದ ಇದೆ, ಮೂರು ಬೆರಳಿಗೆ ನಿಂತಿದೆ. ಒಂದು ಪುಟದಲ್ಲಿ ಕಿಟಕಿಯ ಎಡಗಡೆ ಪೂರ್ತಿ ಇದ್ದು ಬಲಗಡೆ ಪೆನ್ಸಿಲ್ ಗೆರೆ ದಿಢೀರಂತ ಕೆಳಗೆ ಜಾರಿದೆ, ಅವಳು ಆಗ ಎದ್ದಿದ್ದಳು. ಬಹಳ ವರ್ಷ ಆ ಪುಸ್ತಕ ಕಂಡರೆ ನನಗೆ ಸಂಕಟ ಆಗುತ್ತಿತ್ತು, ಅದನ್ನು ಕಪಾಟಿನ ಅಡಿಯಲ್ಲಿ ಇಟ್ಟಿದ್ದೆ. ಹಿಲ್ಲರ್ ಕೃತಿಯನ್ನು ಚಿತ್ರಗಳಲ್ಲಿ ನೋಡಿದ ಮೇಲೆ ಅದನ್ನು ಮತ್ತೆ ತೆಗೆದೆ. ಆ ಮೂರು ಬೆರಳಿನ ಪಾದ ಆ ದಿನ ನನಗೆ ಎಷ್ಟು ಹೊತ್ತು ಸಿಕ್ಕಿತ್ತು ಅನ್ನುವುದನ್ನು ಸರಿಯಾಗಿ ಹೇಳುತ್ತದೆ. ಐದೂ ಬೆರಳು ಬರೆದಿದ್ದರೆ ಆ ಸಂಗತಿ ನನಗೆ ಈಗ ಸಿಗುತ್ತಿರಲಿಲ್ಲ.

ಲೆಂಕಾ ಕ್ಲೇಟನ್ ಅನ್ನುವ ಕಲಾವಿದೆ ಇದನ್ನೇ ಒಂದು ಪದ್ಧತಿ ಮಾಡಿದರು. ಕಲಾವಿದರಿಗೆ ರೆಸಿಡೆನ್ಸಿ ಅಂತ ಇರುತ್ತದೆ. ಮನೆ ಬಿಟ್ಟು ಎಲ್ಲೋ ದೂರ ಹೋಗಿ, ಕೆಲವು ವಾರ ಯಾರ ಗೊಡವೆಯೂ ಇಲ್ಲದೆ ಕೆಲಸ ಮಾಡುವ ಅವಕಾಶ. ಕೂಸು ಎತ್ತಿಕೊಂಡು ಅಂಥ ಜಾಗಕ್ಕೆ ಹೋಗುವುದು ಸುಲಭ ಅಲ್ಲ, ಎಷ್ಟೋ ಕಡೆ ಬಿಡುವುದೂ ಇಲ್ಲ. 2012ರಲ್ಲಿ ಕ್ಲೇಟನ್ ತಮ್ಮ ಮನೆಯನ್ನೇ ರೆಸಿಡೆನ್ಸಿ ಅಂತ ಕರೆದರು. ಮಗು ಮಲಗುವ ಹೊತ್ತೇ ಸ್ಟುಡಿಯೋ ಹೊತ್ತು. ನಡುನಡುವೆ ಬರುವ ಅಡ್ಡಿಯೇ ಕೆಲಸದ ಸಾಮಗ್ರಿ. 2016ರಲ್ಲಿ ಅದನ್ನು ಎಲ್ಲರಿಗೂ ತೆರೆದಿಟ್ಟರು. ಬೇಕಾದವರು ತಮ್ಮ ಮನೆಯಲ್ಲೇ ಶುರು ಮಾಡಬಹುದು, ಯಾರ ಅಪ್ಪಣೆಯೂ ಬೇಡ.

ಆ ದಿನಗಳ ಅವರ ಒಂದು ಕೃತಿ 'ನನ್ನ ಮಗನ ಬಾಯಿಂದ ತೆಗೆದ 63 ವಸ್ತುಗಳು'. ಹೆಸರೇ ಎಲ್ಲಾ ಹೇಳುತ್ತದೆ. ಗುಂಡಿ, ನಾಣ್ಯ, ಬೋಲ್ಟು, ಸೀಮೆಸುಣ್ಣದ ಚೂರು, ಸಿಗರೇಟಿನ ತುಂಡು. ಒಂದೊಂದನ್ನೂ ಮ್ಯೂಸಿಯಂನಲ್ಲಿ ಪುರಾತನ ವಸ್ತು ಜೋಡಿಸಿದ ಹಾಗೆ ನೀಟಾಗಿ ಜೋಡಿಸಿದ್ದಾರೆ. ಸಭೆಯಲ್ಲಿ ಈ ಸ್ಲೈಡ್ ಬಂದಾಗ ಜನ ನಕ್ಕರು, ನಂತರ ಒಮ್ಮೆಲೇ ಸುಮ್ಮನಾದರು. ಯಾಕೆ ಅಂತ ಮಗು ಸಾಕಿದವರಿಗೆ ಗೊತ್ತು. ಪ್ರತಿ ವಸ್ತುವಿನ ಹಿಂದೆಯೂ ಎದೆ ಧಸಕ್ ಅಂದ ಒಂದು ಕ್ಷಣ ಇದೆ, ಬಾಯೊಳಗೆ ಬೆರಳು ಹಾಕಿದ ಒಂದು ಕ್ಷಣ ಇದೆ. ಅಂಥ 63 ಕ್ಷಣ. ಇನ್ನೊಂದು ಕೃತಿಯಲ್ಲಿ ಅವರು ಮಗನನ್ನು ತನ್ನ ಪಾಡಿಗೆ ನಡೆಯಲು ಬಿಟ್ಟು ಕ್ಯಾಮೆರಾ ಪಕ್ಕದಲ್ಲಿ ನಿಲ್ಲುತ್ತಾರೆ. ಅವನು ದೂರ, ಇನ್ನೂ ದೂರ ಹೋಗುತ್ತಾನೆ. ತಡೆಯಲಾಗದ ಒಂದು ಗಳಿಗೆಯಲ್ಲಿ ಅಮ್ಮ ಓಡುತ್ತಾರೆ. ಅಲ್ಲಿಗೆ ಎಷ್ಟು ದೂರ ಆಯಿತೋ ಅದೇ ಅಳತೆ. ನನಗೆ ಈ ಎರಡು ಕೃತಿಗಳಷ್ಟು ಹತ್ತಿರ ಬಂದದ್ದು ಕಡಿಮೆ.

ಮೈಯ ವಿಷಯಕ್ಕೆ ಬರೋಣ. ನೆದರ್‌ಲ್ಯಾಂಡ್ಸಿನ ರಿನೆಕೆ ಡೈಕ್‌ಸ್ಟ್ರಾ 1994ರಲ್ಲಿ ಮೂವರು ಬಾಣಂತಿಯರ ಫೋಟೋ ತೆಗೆದರು. ಮೂವರೂ ಬರಿಗೋಡೆಯ ಮುಂದೆ ನೆಟ್ಟಗೆ ನಿಂತಿದ್ದಾರೆ, ಮೈ ಮೇಲೆ ಬಟ್ಟೆ ಇಲ್ಲ ಅಂತಲೇ ಹೇಳಬೇಕು, ಕೂಸನ್ನು ಎದೆಗೆ ಒತ್ತಿಕೊಂಡಿದ್ದಾರೆ. ಒಬ್ಬರು ಹೆತ್ತು ಒಂದು ಗಂಟೆ. ಇನ್ನೊಬ್ಬರು ಒಂದು ದಿನ. ಮತ್ತೊಬ್ಬರು ಒಂದು ವಾರ. ಒಬ್ಬರ ಕಾಲಿನ ಮೇಲೆ ರಕ್ತ ಇಳಿದಿದೆ, ಇನ್ನೊಬ್ಬರ ಹೊಟ್ಟೆಯಲ್ಲಿ ಆಪರೇಷನ್ನಿನ ಗುರುತು. ಹೆತ್ತು ಒಂದು ಗಂಟೆಯಾದವರ ಮುಖವನ್ನು ನೋಡಿ. ಸಂತೋಷ ಅಂತಲೂ ಹೇಳಲಾಗದು, ನೋವು ಅಂತಲೂ ಹೇಳಲಾಗದು. ಯಾವುದೋ ದೊಡ್ಡ ಹೊಳೆ ದಾಟಿ ಈಗಷ್ಟೇ ದಡ ಹತ್ತಿದವರ ಮುಖ. ಇಲ್ಲೂ ಅಷ್ಟೇ, ಗಂಟೆ ಎಷ್ಟಾಯಿತು ಅನ್ನುವುದೇ ಎಲ್ಲಾ.

ಭಾರತದ ಗೌರಿ ಗಿಲ್ 2005ರಲ್ಲಿ ರಾಜಸ್ಥಾನದ ಹಳ್ಳಿಯೊಂದರಲ್ಲಿ ಒಂದು ಹೆರಿಗೆಯ ಫೋಟೋಗಳನ್ನು ತೆಗೆದರು. ಕರೆದವರು ಅಲ್ಲಿನ ಸೂಲಗಿತ್ತಿ, ಹುಟ್ಟಲಿದ್ದದ್ದು ಆಕೆಯ ಸ್ವಂತ ಮೊಮ್ಮಗು. ಕಪ್ಪು ಬಿಳುಪಿನ ಫೋಟೋಗಳು. ಆ ಸೂಲಗಿತ್ತಿಯ ಕೈ ನೋಡಬೇಕು ನೀವು. ಗಾಬರಿ ಇಲ್ಲ, ಅವಸರ ಇಲ್ಲ, ಗೊತ್ತಿರುವ ಕೈ. ಅಮೆರಿಕದ ಕಾರ್ಮೆನ್ ವಿನೆಂಟ್ 2018ರಲ್ಲಿ ಹೆರಿಗೆಯ ಎರಡು ಸಾವಿರಕ್ಕೂ ಜಾಸ್ತಿ ಚಿತ್ರಗಳನ್ನು ಪುಸ್ತಕ, ಪತ್ರಿಕೆಗಳಿಂದ ಕತ್ತರಿಸಿ, ಟೇಪಿನಲ್ಲಿ ಎರಡು ಗೋಡೆಗಳ ತುಂಬಾ ಅಂಟಿಸಿದರು. ಜನ ಆ ಎರಡು ಗೋಡೆಗಳ ನಡುವೆ ನಡೆದು ಹೋಗಬೇಕಿತ್ತು. ಎಲ್ಲರೂ ಹುಟ್ಟಿದ್ದು ಹಾಗೆಯೇ, ಆದರೆ ಹೆಚ್ಚಿನವರು ಅದನ್ನು ಒಮ್ಮೆಯೂ ನೋಡಿರುವುದಿಲ್ಲ.

ಇಷ್ಟು ಹೊತ್ತಿಗೆ ಹಿರಿಯರೊಬ್ಬರು ಎದ್ದು ನಿಂತರು. 'ತಾಯಿಗಿಂತ ದೇವರಿಲ್ಲ ಅಂತ ನಂಬಿ ಬೆಳೆದವರು ನಾವು. ಮಲ, ರಕ್ತ, ಬರಿಮೈ ಎಲ್ಲಾ ತೋರಿಸಿ ಅವಳನ್ನು ಸಣ್ಣದು ಮಾಡೋ ಹಾಗಿಲ್ವಾ ಇದು?' ಅಂದರು. ಅವರ ಗಂಟಲು ಕಟ್ಟಿತ್ತು, ಜಗಳಕ್ಕೆ ಕೇಳಿದ್ದಲ್ಲ. ನಾನು ಹೇಳಿದ್ದು ಇಷ್ಟು. ಸಾರ್, ದೇವರಿಗೆ ಸುಸ್ತಾಗುವುದಿಲ್ಲ. ಸುಸ್ತಾಗದವಳು ರಾತ್ರಿ ಮೂರು ಗಂಟೆಗೆ ಎದ್ದರೆ ಅದರಲ್ಲಿ ದೊಡ್ಡದೇನಿದೆ? ಸುಸ್ತಾದವಳು ಎದ್ದಳಲ್ಲ, ಈ ಕಲಾವಿದೆಯರು ತೋರಿಸುತ್ತಿರುವುದು ಅದನ್ನು. ಅವರು ಸ್ವಲ್ಪ ಹೊತ್ತು ನಿಂತೇ ಇದ್ದು ಆಮೇಲೆ ಕೂತರು. ಒಪ್ಪಿದರೋ ಇಲ್ಲವೋ, ಕೊನೆಯವರೆಗೂ ಇದ್ದರು.

ಅವರ ಪ್ರಶ್ನೆಗೆ ತಾಲಾ ಮದಾನಿಯ ಕತೆಯನ್ನೂ ಸೇರಿಸಿದೆ. ಇರಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿರುವ ಚಿತ್ರಕಾರ್ತಿ. ತಾಯಿ ಆದ ಮೇಲೆ ತಾಯಿ ಮಗುವಿನ ಚಿತ್ರ ಬರೆಯಲು ಹೊರಟರು. ಬರೆದದ್ದು ತೀರಾ ಸಿಹಿಯಾಯಿತು ಅನ್ನಿಸಿ ಬಣ್ಣವನ್ನು ಕದಡಿಬಿಟ್ಟರು. ಕದಡಿದ ಮೇಲೆ ಉಳಿದ ಕಂದು ಕಂದು ತಾಯಿ ಅವರಿಗೆ ನಿಜ ಅನ್ನಿಸಿದಳು. 2019ರಿಂದ ಅಂಥ ತಾಯಂದಿರನ್ನೇ ಬರೆಯುತ್ತಾ ಬಂದರು. ಮಲದಿಂದಲೇ ಆದ ಹಾಗಿರುವ ತಾಯಿ, ಅವಳ ಮೈ ಮೇಲೆ ಹತ್ತಿ ಇಳಿದು ಅವಳನ್ನೇ ಮೆತ್ತಿಕೊಂಡು ಆಡುವ ಮಕ್ಕಳು. ಮೊದಲ ಸಲ ನೋಡಿದಾಗ ನನಗೆ ಹಿಡಿಸಲಿಲ್ಲ. ಈಗ ಅದರಲ್ಲಿ ಕರಗಿಹೋಗುವ ಭಯ ಕಾಣುತ್ತದೆ, ಕರಗಿದರೂ ಮಕ್ಕಳಿಗೆ ಸಿಕ್ಕುತ್ತಲೇ ಇರುವುದೂ ಕಾಣುತ್ತದೆ.

ನಗುತ್ತಾ ಮಾಡಿದವರೂ ಇದ್ದಾರೆ. 1983ರಲ್ಲಿ ಮೆಕ್ಸಿಕೋದ ಮೋನಿಕಾ ಮಾಯೆರ್ ಮತ್ತು ಮಾರಿಸ್ ಬುಸ್ತಮಾಂತೆ ಇಬ್ಬರೂ ಸೇರಿ ಕಟ್ಟಿದ ತಂಡದ ಹೆಸರು 'ಕರಿಕೋಳಿ ಪುಡಿ'. ಅದು ಕೆಟ್ಟ ದೃಷ್ಟಿ ತಾಗದಿರಲಿ ಅಂತ ಅಲ್ಲಿನ ಜನ ಬಳಸುವ ಪುಡಿ. 1987ರಲ್ಲಿ ಇವರು ಟಿವಿ ಕಾರ್ಯಕ್ರಮಕ್ಕೆ ಹೋಗಿ, ಹೆಸರಾಂತ ಗಂಡು ನಿರೂಪಕನಿಗೇ ಬಸಿರು ಹೊಟ್ಟೆ ಇರುವ ಏಪ್ರನ್ ಕಟ್ಟಿ, ಅವನನ್ನು ಒಂದು ದಿನದ ತಾಯಿ ಮಾಡಿದರು. ನೇರ ಪ್ರಸಾರ, ದೇಶವೇ ನೋಡಿತು.

ತಾಯಿ ಆಗದವರ ಮಾತು? ಅದಿಲ್ಲದೆ ಈ ವಿಷಯ ಅರ್ಧವೇ. ಮೆಕ್ಸಿಕೋದ ಚಿತ್ರಕಾರ್ತಿ ಫ್ರಿಡಾ ಕಾಲೊ 1932ರಲ್ಲೇ, ಅಮೆರಿಕದ ಡೆಟ್ರಾಯ್ಟಿನಲ್ಲಿ ತಮಗೆ ಗರ್ಭಸ್ರಾವ ಆದದ್ದನ್ನು ಆಸ್ಪತ್ರೆ ಮಂಚದ ರಕ್ತದ ಸಮೇತ ಬರೆದಿದ್ದರು. ಪೋರ್ಚುಗಲ್‌ನಲ್ಲಿ 1998ರಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಜನಮತಗಣನೆ ಬಿದ್ದುಹೋದಾಗ ಚಿತ್ರಕಾರ್ತಿ ಪೌಲಾ ರೇಗೊ ಸಿಟ್ಟಿನಿಂದ ಒಂದು ಚಿತ್ರಸರಣಿ ಮಾಡಿದರು. ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡ ಹುಡುಗಿಯರು, ಒಂಟಿ ಕೋಣೆ, ಮಂಚ, ಪಕ್ಕದಲ್ಲಿ ಬಕೆಟ್ಟು. ಆ ಹುಡುಗಿಯರು ಅಳುವುದಿಲ್ಲ. ಕೆಲವರು ನೇರ ನಮ್ಮನ್ನೇ ನೋಡುತ್ತಾರೆ. 2007ರಲ್ಲಿ ಮತ್ತೆ ಜನಮತಗಣನೆ ನಡೆದು ಕಾನೂನು ಬದಲಾಯಿತು. ಅದರಲ್ಲಿ ಈ ಚಿತ್ರಗಳ ಪಾಲೂ ಇದೆ ಅನ್ನುವವರಿದ್ದಾರೆ.

ಇನ್ನು ಬ್ರಿಟನ್ನಿನ ಕಲಾವಿದೆ ಟ್ರೇಸಿ ಎಮಿನ್. ಮಕ್ಕಳಿರುವ ಒಳ್ಳೆ ಕಲಾವಿದರು ಇದ್ದಾರೆ, ಅವರನ್ನು ಗಂಡಸರು ಅಂತಾರೆ ಅಂತ 2014ರಲ್ಲಿ ಹೇಳಿದ್ದು ಅವರೇ. ಆ ಮಾತಿಗೆ ಎಷ್ಟೋ ತಾಯಂದಿರು ಬೇಸರ ಮಾಡಿಕೊಂಡರು, ನನಗೂ ಚುಚ್ಚಿತ್ತು. ಅದೇ ಎಮಿನ್ 2022ರಲ್ಲಿ ನಾರ್ವೆಯ ಓಸ್ಲೋದ ಕಡಲ ದಂಡೆಯಲ್ಲಿ ಒಂಬತ್ತು ಮೀಟರ್ ಎತ್ತರದ ಕಂಚಿನ ಹೆಂಗಸನ್ನು ಮಂಡಿಯೂರಿ ಕೂರಿಸಿದರು. ಹೆಸರು 'ತಾಯಿ'. ಹತ್ತಿರದಲ್ಲೇ ಮುಂಕ್ ಮ್ಯೂಸಿಯಂ ಇದೆ. ಚಿತ್ರಕಾರ ಮುಂಕ್ ತಾಯಿಯನ್ನು ಕಳೆದುಕೊಂಡದ್ದು ಐದು ವರ್ಷದವನಿದ್ದಾಗ. ಮಕ್ಕಳಿಲ್ಲದ ಒಬ್ಬ ಕಲಾವಿದೆ, ತೀರಿಹೋದ ಒಬ್ಬ ಕಲಾವಿದನಿಗೆ ತಾಯಿಯನ್ನು ಮಾಡಿ ಕೊಟ್ಟರು. ಅದನ್ನು ತಿಳಿದ ಮೇಲೆ ಆ ಹಳೆ ಮಾತಿನ ಮೇಲಿನ ನನ್ನ ಬೇಸರ ಕರಗಿತು.

ತಾಯ್ತನ ಅಂದ ಕೂಡಲೇ ಎಲ್ಲರಿಗೂ ಕೂಸೇ ಕಣ್ಣ ಮುಂದೆ ಬರುತ್ತದೆ. ಬೆಳೆದ ಮಕ್ಕಳ ತಾಯಂದಿರನ್ನು ನಾವು ಮರೆತೇಬಿಡುತ್ತೇವೆ. ಇಂಗ್ಲೆಂಡಿನ ಬಾರ್ಬರಾ ವಾಕರ್ ಕಪ್ಪು ಜನಾಂಗದ ಕಲಾವಿದೆ. ಅವರ ಹದಿಹರೆಯದ ಮಗನನ್ನು ಪೊಲೀಸರು ಮತ್ತೆ ಮತ್ತೆ ಬೀದಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಪ್ರತಿ ಸಲವೂ ಒಂದು ಚೀಟಿ ಕೊಡುತ್ತಿದ್ದರು. ಅಮ್ಮ ಆ ಚೀಟಿಗಳನ್ನು ಎತ್ತಿಟ್ಟುಕೊಂಡರು. ಆಮೇಲೆ ಅವನ್ನು ದೊಡ್ಡದು ಮಾಡಿ ಮುದ್ರಿಸಿ, ಆ ಅಚ್ಚಿನ ಅಕ್ಷರಗಳ ಮೇಲೆಯೇ ಮಗನ ಮುಖ ಬರೆದರು, ಅವನನ್ನು ನಿಲ್ಲಿಸಿದ ಬೀದಿಗಳನ್ನು ಬರೆದರು. 2006ರ ಸುಮಾರಿಗೆ ಶುರುವಾದ ಕೆಲಸ ಅದು. ಮೇರಿ ಕೆಲಿಯ ಹಾಳೆಯಲ್ಲಿ ಮಗ ಎಷ್ಟು ಗಂಟೆಗೆ ಹಾಲು ಕುಡಿದ ಅಂತ ಇತ್ತಲ್ಲ, ಇಲ್ಲಿ ಮಗನನ್ನು ಯಾವತ್ತು, ಎಲ್ಲಿ ತಡೆದರು ಅಂತ ಇದೆ. ಬರೆದದ್ದು ಪೊಲೀಸರು. ಕಾದು ಕೂತವರು ಅಮ್ಮ. ಈ ಸ್ಲೈಡಿನಲ್ಲಿ ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಕೊನೆಯ ಸ್ಲೈಡು ಮಗಳೊಬ್ಬಳದ್ದು. ಜಪಾನಿನ ಫೋಟೋಗ್ರಾಫರ್ ಇಶಿಉಚಿ ಮಿಯಾಕೊ. ಆ ಹೆಸರು ಅವರದಲ್ಲ, ತಾಯಿ ಮದುವೆಗೆ ಮುಂಚೆ ಇಟ್ಟುಕೊಂಡಿದ್ದ ಹೆಸರನ್ನೇ ಇವರು ಕಲಾವಿದೆಯಾಗಿ ತೆಗೆದುಕೊಂಡಿದ್ದರು. ಹಾಗಂತ ತಾಯಿ ಮಗಳಿಗೆ ಚೆನ್ನಾಗಿ ಹೊಂದುತ್ತಿತ್ತು ಅಂತಲ್ಲ. ತಾಯಿ ಗಟ್ಟಿಗಿತ್ತಿ, ಹದಿನೆಂಟಕ್ಕೇ ಡ್ರೈವಿಂಗ್ ಲೈಸೆನ್ಸ್ ಪಡೆದು ಗಾಡಿ ಓಡಿಸಿದವರು. ಇಬ್ಬರ ನಡುವೆ ಮಾತು ಕಡಿಮೆ. 2000ದಲ್ಲಿ ತಾಯಿ ತೀರಿಕೊಂಡರು. ಸರಿಯಾಗಿ ಮಾತು ಶುರುವಾಗುವ ಹೊತ್ತಿಗೆ ಹೊತ್ತು ಮುಗಿದಿತ್ತು. ಕಪಾಟಿನಲ್ಲಿ ಒಳಬಟ್ಟೆಗಳು ಉಳಿದಿದ್ದವು. ಯಾರಿಗೂ ಕೊಡುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ. ಮಗಳು ಅವನ್ನು ಕಿಟಕಿ ಬೆಳಕಿಗೆ ಹಿಡಿದು ಫೋಟೋ ತೆಗೆದರು. ಬೆಳಕು ಬಟ್ಟೆಯನ್ನು ದಾಟಿ ಬರುತ್ತದೆ, ಒಳಗೆ ಯಾರೋ ಇದ್ದಾರೇನೋ ಅನ್ನಿಸುತ್ತದೆ. ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲು. ಹಲ್ಲಿನ ಸೆಟ್ಟು. ಬಳಸಿ ಉಳಿದ ಲಿಪ್‌ಸ್ಟಿಕ್‌ಗಳು. 2005ರಲ್ಲಿ ವೆನಿಸ್ ಬಿಯೆನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದ ಜಪಾನ್ ಪೆವಿಲಿಯನ್‌ನಲ್ಲಿ ಇವೆಲ್ಲ ಗೋಡೆ ಮೇಲೆ ಇದ್ದವು.

ಲಿಪ್‌ಸ್ಟಿಕ್‌ಗಳಲ್ಲಿ ಒಂದು ಕೆಂಪಗಿನದು. ಕವಚ ಹಳತಾಗಿದೆ, ಬಣ್ಣ ಮಾತ್ರ ಇನ್ನೂ ಹಸಿ ಇದ್ದ ಹಾಗಿದೆ. ಸಭೆ ಮುಗಿದು ದೀಪ ಹಾಕಿದ ಮೇಲೂ ಆ ಸ್ಲೈಡನ್ನು ನಾನು ಆರಿಸಲಿಲ್ಲ. ಜನ ಕುರ್ಚಿ ಸರಿಸಿ ಹೊರಡುತ್ತಿದ್ದರು. ಆ ಹಿರಿಯರು ಪರದೆಯ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು, ಆ ಬಣ್ಣವನ್ನು ನೋಡುತ್ತಾ ನಿಂತರು.